ಹಂಚಿನ ಮನೆ ಮಾರಾಟಕ್ಕಿದೆ, ಫೋಟೋಗೆ ಹೇಗೆ ಸಿದ್ಧ ಮಾಡಲಿ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಹಳೇ ಹಂಚಿನ ಮನೆ, 40 ಸೆಂಟ್ಸ್ ಜಾಗದ ಜೊತೆ ಮಾರಾಟಕ್ಕಿದೆ. ಜಾಹೀರಾತಿಗೆ ಫೋಟೋ ತೆಗೆಯುವವರು ಮುಂದಿನ ವಾರ ಬರುತ್ತಾರೆ. ಮನೆ ಪೂರ್ವಕ್ಕೆ ಮುಖ ಮಾಡಿದೆ, ಒಳಗೆ ಕತ್ತಲೆ ಜಾಸ್ತಿ. ಚಾವಡಿ ತುಂಬ ಅಡಿಕೆ ಗೋಣಿ. ಗೋಡೆಯ ಮೇಲಿನ ಅಜ್ಜ ಅಜ್ಜಿಯ ಫೋಟೋ ಇಳಿಸಲು ಅಮ್ಮ ಒಪ್ಪುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ಫೋಟೋಗ್ರಾಫರ್): ಅಕ್ಕಾ, ಬೆಳಕಿನಿಂದ ಶುರು ಮಾಡಿ. ಬಣ್ಣ, ಕರ್ಟನ್ ಎಲ್ಲ ಆಮೇಲಿನ ಮಾತು. ಹಂಚಿನ ಮನೆಯಲ್ಲಿ ಮಾಡು, ಅಂದರೆ ಛಾವಣಿ, ಕೆಳಗೆ ಇಳಿದಿರುತ್ತದೆ, ಕಿಟಕಿ ಸಣ್ಣದು. ಮಾಡಿನಲ್ಲಿ ಗಾಜಿನ ಹಂಚು ಇದೆಯಾ ನೋಡಿ. ಅಡುಗೆ ಕೋಣೆಯದ್ದು ಹೊಗೆ ಹಿಡಿದು ಕಪ್ಪಾಗಿರುತ್ತದೆ. ಅದನ್ನು ಒರೆಸಿದರೆ ಕೋಣೆಯೇ ಬೇರೆ ಕಾಣುತ್ತದೆ. ಕಿಟಕಿಗೆ ತಾಗಿದ ಗಿಡದ ಗೆಲ್ಲುಗಳನ್ನು ಕಡಿಸಿ. ಬಲ್ಬ್ ಹಾಕುವುದಾದರೆ ಎಲ್ಲ ಒಂದೇ ಬಣ್ಣದ್ದಿರಲಿ. ಒಂದು ಹಳದಿ, ಒಂದು ಬಿಳಿ ಆದರೆ ಒಂದೇ ಗೋಡೆ ಎರಡು ಬಣ್ಣ ಕಾಣುತ್ತದೆ. ಫ್ಯಾನ್ ಆಫ್ ಇರಲಿ.

ಪೂರ್ವದ ಮನೆಯಾದ್ದರಿಂದ ಎದುರಿನ ಫೋಟೋ ಬೆಳಿಗ್ಗೆಯೇ ಆಗಬೇಕು. ಮಧ್ಯಾಹ್ನ ಕಳೆದರೆ ಬಿಸಿಲು ಮನೆಯ ಹಿಂದೆ ಹೋಗುತ್ತದೆ, ಮುಖ ಕಪ್ಪಾಗುತ್ತದೆ. ಬರುವವರಿಗೆ ಇದನ್ನು ಮೊದಲೇ ಹೇಳಿಡಿ.

ಗೋಣಿಗಳನ್ನು ಕೊಟ್ಟಿಗೆಗೆ ಸಾಗಿಸಿ. ಚಾವಡಿ ಖಾಲಿ ಇದ್ದರೆ ಕೆಂಪು ಕಾವಿ ನೆಲ ಕಾಣುತ್ತದೆ, ಈ ಮನೆಯ ಚಂದವೇ ಅದು. ನೆಲ ಒರೆಸಿ ಪೂರ್ತಿ ಒಣಗಲು ಬಿಡಿ, ಒದ್ದೆ ಇದ್ದರೆ ಕಲೆ ಕಲೆಯಾಗಿ ಬರುತ್ತದೆ.

ಅಜ್ಜ ಅಜ್ಜಿಯ ಫೋಟೋ ಇಳಿಸಬೇಡಿ. ಸುಣ್ಣದ ಗೋಡೆಯಲ್ಲಿ ವರ್ಷಗಟ್ಟಲೆ ಇದ್ದ ಚೌಕಟ್ಟು ತೆಗೆದರೆ ಅಲ್ಲಿ ಬಿಳಿ ಚೌಕ ಉಳಿಯುತ್ತದೆ, ಅದೇ ಎದ್ದು ಕಾಣುತ್ತದೆ. ಮುಖ ಮಸುಕು ಮಾಡಲು ಹೇಳಿದರಾಯಿತು. ದೇವರ ಕೋಣೆಯ ಫೋಟೋ ಅಮ್ಮನಿಗೆ ಬೇಡವೆಂದರೆ ಬಿಟ್ಟುಬಿಡಿ.

ಇನ್ನೊಂದು, ನೀರು. ನಮ್ಮ ಕಡೆ ಜಾಗ ಕೊಳ್ಳುವವರು ಬೆಡ್‌ರೂಮ್ ಎಷ್ಟು ಎನ್ನುವ ಮೊದಲು ಬಾವಿಯಲ್ಲಿ ಬೇಸಿಗೆಗೆ ನೀರಿರುತ್ತದಾ ಎಂದು ಕೇಳುತ್ತಾರೆ. ಬಾವಿಕಟ್ಟೆಯ ಫೋಟೋ ಬೇಕೇ ಬೇಕು. ಗುಡ್ಡದಲ್ಲಿ ನೀರಿಗಾಗಿ ಕೊರೆದ ಸುರಂಗ ಇದ್ದರೆ ಅದರ ಬಾಯಿ, ನೀರು ಬಂದು ಬೀಳುವ ಟ್ಯಾಂಕಿ, ಎರಡನ್ನೂ ತೆಗೆಸಿ. ಸುತ್ತ ಬೆಳೆದ ಕಾಡುಗಿಡ ಸವರಿಸಿಡಿ.

ಪ್ರಶ್ನೆ (ಉಪ್ಪಳದಿಂದ): ಅಣ್ಣಾ, ನಾನು ಫೋನಲ್ಲೇ ತೆಗೆಯುತ್ತೇನೆ, ಸಾಕಾ? ಗೋಡೆಯಲ್ಲಿ ಸೋರಿದ ಕಲೆ ಇದೆ, ಎಡಿಟ್ ಮಾಡಿ ತೆಗೆಯಬಹುದಾ?

ಉತ್ತರ: ಫೋನ್ ಸಾಕು. ಲೆನ್ಸ್ ಒರೆಸಿ, ಫೋನ್ ಅಡ್ಡ ಹಿಡಿಯಿರಿ. ಕೋಣೆಯ ಮೂಲೆಯಲ್ಲಿ ನಿಂತು ಎದೆಯ ಎತ್ತರದಲ್ಲಿ ತೆಗೆಯಿರಿ. ಫೋನನ್ನು ಮೇಲೆ ಕೆಳಗೆ ವಾಲಿಸಿದರೆ ಕಂಬಗಳೂ ವಾಲುತ್ತವೆ. ಕ್ಯಾಮೆರಾದಲ್ಲಿ 0.5 (ಅಗಲ ನೋಟ) ಇಟ್ಟರೆ ಸಣ್ಣ ಕೋಣೆ ಮದುವೆ ಹಾಲ್ ತರ ಕಾಣುತ್ತದೆ, ನೋಡಲು ಬಂದವರ ಮುಖ ಸಪ್ಪಗಾಗುತ್ತದೆ. ಲೊಕೇಶನ್ ಆಫ್ ಮಾಡಿಡಿ, ಖಾಲಿ ಮನೆಯಾದರೆ ಮುಖ್ಯವಾಗಿ.

ಕಲೆ ತೆಗೆಯಬೇಡಿ. ಕುರ್ಚಿ ಸರಿಸುವುದು, ಫೋಟೋ ಬೆಳಗಿಸುವುದು ತಪ್ಪಲ್ಲ. ಸೋರುವುದನ್ನೋ ಮನೆ ಮುಂದಿನ ಕರೆಂಟ್ ಕಂಬವನ್ನೋ ಅಳಿಸುವುದು ಮೋಸ. ದುಬೈಯಲ್ಲಿ ಕೂತು ಫೋಟೋ ನೋಡಿದವರು ಇಲ್ಲಿಗೆ ಭಾವನನ್ನೋ ಮಾವನನ್ನೋ ಕಳಿಸಿಯೇ ಕಳಿಸುತ್ತಾರೆ. ಅವರು ಬಂದವರೇ ಮೊದಲು ಮಾಡು ನೋಡುತ್ತಾರೆ. ಸೋರುವುದನ್ನು ಸರಿ ಮಾಡಿಸಿ, ಸುಣ್ಣ ಹೊಡೆಸಿ, ಮತ್ತೆ ತೆಗೆಯಿರಿ.

ಪ್ರಶ್ನೆ (ಮೊದಲು ಕೇಳಿದವರು): ಗಾಜಿನ ಹಂಚು ಎರಡು ಇವೆ. ತಮ್ಮ ಮಾಡಿಗೆ ಹತ್ತುತ್ತೇನೆ ಎನ್ನುತ್ತಿದ್ದಾನೆ.

ಉತ್ತರ: ಬೇಡ ಅಕ್ಕಾ! ಮಳೆ ಈಗಷ್ಟೇ ಬಿಟ್ಟಿದೆ, ಹಂಚಿನ ಮೇಲೆ ಪಾಚಿ ಇರುತ್ತದೆ. ಒಳಗಿನಿಂದ ಏಣಿ ಇಟ್ಟು ಮಸಿ ಒರೆಸಲಿ, ಏಣಿಯನ್ನು ಒಬ್ಬರು ಹಿಡಿದುಕೊಳ್ಳಿ. ಹೊರಗಿನದ್ದನ್ನು ಹಂಚು ಕೈಯಾಡಿಸುವವರು (ಹಂಚು ಸರಿಪಡಿಸುವವರು) ಬಂದಾಗ ಮಾಡಿಸಿ.