ಪದಚರ್ಚೆ: ಬ್ಲೂಸ್ ಪಿಯಾನೋದ 'ಕ್ರಶ್', 'ಟರ್ನ್‌ಅರೌಂಡ್' ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ಕೀಬೋರ್ಡ್ ಕಲಿಯುತ್ತಿರುವ ನಾಲ್ಕಾರು ಜನರಿಗೆ ಬ್ಲೂಸ್ (ಆಫ್ರಿಕನ್ ಅಮೆರಿಕನ್ನರ ಹಾಡಿನಿಂದ ಬೆಳೆದ ಸಂಗೀತ) ಪಾಠ ಕನ್ನಡದಲ್ಲೇ ಬರೆದುಕೊಡುತ್ತಿದ್ದೇನೆ. ಎಲ್ಲರಿಗೂ ಅಷ್ಟಿಷ್ಟು ಕರ್ನಾಟಕ ಸಂಗೀತ ಗೊತ್ತು, ಹಾಗಾಗಿ ಸುಮಾರು ಪದಗಳು ಸುಲಭವಾಗಿ ಸಿಕ್ಕಿವೆ. ಇಂಪ್ರೊವೈಸ್ ಮಾಡೋದಕ್ಕೆ ಮನೋಧರ್ಮ ಇದ್ದೇ ಇದೆ. ನಾಲ್ಕು ಎಣಿಕೆಗೊಂದು ಬಾರ್; ಅಂಥ ಹನ್ನೆರಡು ಬಾರ್‌ನ ಒಂದು ಸುತ್ತು ಅಂದರೆ 48 ಎಣಿಕೆ, ಆದಿತಾಳದ 6 ಆವರ್ತ ಅಂದ ಕೂಡಲೇ ಕೈ ತಾನಾಗೇ ತಾಳ ಹಾಕುತ್ತೆ. ಎಣಿಕೆಯನ್ನು ಮೂರಾಗಿ ಒಡೆದು ತೂಗಾಡುವ ಷಫಲ್ ಲಯಕ್ಕೆ ತಿಶ್ರ ನಡೆ ಅಂದರೆ ಸಾಕು.

ತಕರಾರು ಇರೋದು ಎರಡು ಕಡೆ.

ಸಿ ಷಡ್ಜ ಅಂತ ಇಟ್ಟುಕೊಂಡರೆ ಬ್ಲೂಸ್ ಸ್ಕೇಲ್‌ನಲ್ಲಿ ಬರೋದು ಸಾಧಾರಣ ಗಾಂಧಾರ, ಎರಡೂ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಆದರೆ ಹಾಡುವವರು, ಗಿಟಾರ್‌ನವರು ಎಷ್ಟೋ ಸಲ ಸಾಧಾರಣ ಗಾಂಧಾರಕ್ಕೂ ಅದಕ್ಕಿಂತ ಅರ್ಧ ಸ್ವರ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲುತ್ತಾರೆ, ಬ್ಲೂಸ್‌ನ ಜೀವ ಇರೋದೇ ಅಲ್ಲಿ. ಪಿಯಾನೋದಲ್ಲಿ ಆ ಜಾಗಕ್ಕೆ ಮನೆಯೇ (ಕೀ) ಇಲ್ಲ. ಅದಕ್ಕೇ ಕಪ್ಪು ಮನೆ ಒತ್ತಿದ ಬೆರಳನ್ನು ಎತ್ತದೆ ಹಾಗೇ ಪಕ್ಕದ ಬಿಳಿ ಮನೆಗೆ ಜಾರಿಸುತ್ತಾರೆ. ಮೊದಲ ಸ್ವರ ಕೇಳಿತೋ ಇಲ್ಲವೋ ಅನ್ನುವಷ್ಟರಲ್ಲಿ ಎರಡನೆಯದು ಬಂದಿರುತ್ತೆ. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಬ್ಯಾಂಡ್‌ನಲ್ಲಿದ್ದ ಓಟಿಸ್ ಸ್ಪ್ಯಾನ್ ನುಡಿಸಿದ್ದನ್ನು ಕೇಳಿ, ಗೊತ್ತಾಗುತ್ತೆ. ಇದೇ ಕ್ರಶ್. ಇದಕ್ಕೆ 'ಜಾರು' ಅನ್ನೋಣ ಅಂತ ಕಲಿಯುವವರೊಬ್ಬರ ಸಲಹೆ. ನನಗೆ ಒಪ್ಪಿಗೆಯಿಲ್ಲ. ವೀಣೆಯಲ್ಲಿ ಜಾರು ಅಂದರೆ ನಾದವೇ ನಡುವಿನ ಜಾಗವನ್ನೆಲ್ಲ ಸವರಿಕೊಂಡು ಹೋಗುತ್ತೆ. ಇಲ್ಲಿ ಜಾರೋದು ಬೆರಳು ಮಾತ್ರ, ಕಿವಿಗೆ ಬೀಳೋದು ಎರಡು ಬಿಡಿ ಸ್ವರ, ಅಲ್ವಾ? 'ಅನುಸ್ವರ' (ಮುಖ್ಯ ಸ್ವರಕ್ಕೆ ಅಂಟಿ ಬರುವ ಸಣ್ಣ ಸ್ವರ) ಹೆಚ್ಚು ಹತ್ತಿರ, ಆದರೆ ಓದುವವರು ಅನುಸ್ವಾರ ಅಂದುಕೊಳ್ಳುತ್ತಾರೆ. 'ತಾಕು ಸ್ವರ' ಆಗಬಹುದಾ?

ಇನ್ನೊಂದು ಟರ್ನ್‌ಅರೌಂಡ್. ಸುತ್ತಿನ ಕೊನೆಯ ಎರಡು ಬಾರ್‌ನಲ್ಲಿ ಒಂದು ಸಣ್ಣ ಓಟ ನುಡಿಸಿ ಪಂಚಮದ ಮೇಲೆ ಕಟ್ಟಿದ ಸ್ವರಗುಚ್ಛಕ್ಕೆ, ಅಂದರೆ ಪಂಚಮದ ಕಾರ್ಡ್‌ಗೆ ತಂದು ನಿಲ್ಲಿಸುತ್ತಾರೆ, ಅದು ಮತ್ತೆ ಮೊದಲಿಗೆ ಎಳೆಯುತ್ತೆ. 'ಮುಕ್ತಾಯ' ಅಂದರೆ ಕಲ್ಪನಾಸ್ವರ ಹಾಡಿ ಎತ್ತುಗಡೆಗೆ (ಹಾಡು ಶುರುವಾಗುವ ಜಾಗಕ್ಕೆ) ಸೇರಿ ಅಭ್ಯಾಸ ಇರುವವರಿಗೆ ಸರಿಹೋಗುತ್ತೆ, ಉಳಿದವರು ಮುಗೀತು ಅಂತ ಕೈ ತೆಗೆದುಬಿಡುತ್ತಾರೆ. 'ತಿರುವು' ಅಂದರೆ ಆಗುಂಬೆ ಘಾಟಿಯ ತಿರುವು ನೆನಪಾಗುತ್ತೆ, ಅದು ದಾರಿಯ ದಿಕ್ಕು ಬದಲಿಸುತ್ತೆ ಹೊರತು ಹೊರಟಲ್ಲಿಗೆ ತಂದು ಬಿಡೋದಿಲ್ಲ. ಸದ್ಯಕ್ಕೆ 'ಹೊರಳು' ಅಂತ ಬರೆದಿದ್ದೇನೆ, 'ಇಲ್ಲಿ ಹೊರಳು ಹಾಕಿ' ಅಂದರೆ ಅರ್ಥ ಆಗುತ್ತಿದೆ. ಆದರೂ ಪೂರ್ತಿ ಸಮಾಧಾನ ಇಲ್ಲ.

ಯಕ್ಷಗಾನದ ಭಾಗವತಿಕೆ, ಮದ್ದಳೆ ಬಲ್ಲವರು ಇಲ್ಲಿದ್ದೀರಿ. ಪದ್ಯ ಮತ್ತೆ ಎತ್ತುಗಡೆಗೆ ಬಂದು ಸೇರುವ ಜಾಗಕ್ಕೆ ನೀವು ಏನನ್ನುತ್ತೀರಿ? ತೀರ್ಥಹಳ್ಳಿ, ಹೊಸನಗರದ ಕಡೆ ಬೇರೆ ಮಾತಿದ್ದರೆ ಅದನ್ನೂ ಬರೆಯಿರಿ. 'ಪ್ರತ್ಯಾವರ್ತನ'ದಂಥದ್ದು ಬೇಡ. ಪಕ್ಕದವರು ನುಡಿಸುತ್ತಿರುವಾಗ ಕೂಗಿ ಹೇಳೋಕೆ ಬರುವಷ್ಟು ಚಿಕ್ಕ ಪದ ಬೇಕು.