ಒಂದೇ ಕುದುರೆಗೆ ಸಿಂಗಲ್ ಟ್ರೇಲರ್ ಸಾಕಾ, ಡಬಲ್ ಬೇಕಾ?

ಲೀಡ್ಸ್ ಸುಮಾ: ನಮಸ್ಕಾರ. ನಾವು ಇಂಗ್ಲೆಂಡಿನಲ್ಲಿದ್ದೇವೆ. ಮಗಳ ಕುದುರೆ 16 ಹ್ಯಾಂಡ್, ಅಂದರೆ ಹೆಗಲ ಹತ್ತಿರ ಸುಮಾರು 163 ಸೆಂಟಿಮೀಟರ್ ಎತ್ತರ. ತೂಕ 550 ಕೆಜಿ. ಇಷ್ಟು ದಿನ ಗೆಳತಿಯ ಎರಡು ಕುದುರೆ ಹಿಡಿಸುವ ಟ್ರೇಲರಿನಲ್ಲಿ ಒಯ್ಯುತ್ತಿದ್ದೆವು. ತಿರುವು ಬಂದಾಗಲೆಲ್ಲ ಒಳಗೆ ದಡಬಡ ಸದ್ದು. ಇಳಿಸಿದರೆ ಹೊಟ್ಟೆ ಕೆಳಗೆ ಬೆವರು ತೊಟ್ಟಿಕ್ಕುತ್ತಿರುತ್ತೆ, ನಡುವಿನ ಪಾರ್ಟಿಷನ್ ತುಂಬಾ ಲಾಳದ ಗೀರು. ನಮ್ಮ ಕಾರು ಎಳೆಯಬಹುದಾದದ್ದು 1500 ಕೆಜಿ, ಟೋ ಬಾಲ್ (ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದಿರುವ ಗುಂಡು) ಮೇಲೆ 100 ಕೆಜಿ ಮಿತಿ. ಐಫರ್ ವಿಲಿಯಮ್ಸ್ ಎಚ್‌ಬಿ 403 ತರಹದ ಸಿಂಗಲ್ ಸೆಕೆಂಡ್ ಹ್ಯಾಂಡ್ ತಗೊಳ್ಳೋಣ ಅಂತಿದ್ದೇವೆ. ಕುದುರೆ ತುಂಬಿದರೆ ಸುಮಾರು 1350 ಕೆಜಿ ಆಗಬಹುದು. ಅದರಲ್ಲಿ ಹಾಯಾಗಿ ನಿಲ್ಲುತ್ತಾ?

ಟೆಕ್ಸಾಸ್ ಗೌಡ: ಸಿಂಗಲ್ ಬೇಡ ಮೇಡಂ. ನಾಳೆ ಮಾರೋಕೆ ಹೋದರೆ ಗಿರಾಕಿ ಸಿಗಲ್ಲ. ಡಬಲ್ ತಗೊಳ್ಳಿ, ಕುದುರೆಯನ್ನು ಎಡಗಡೆ ಕಟ್ಟಿ. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತೆ. ಭಾರ ನಡುರಸ್ತೆ ಕಡೆ ಇದ್ದರೆ ಟ್ರೇಲರ್ ಚರಂಡಿ ಕಡೆ ವಾಲಲ್ಲ. ಹಿಚ್ ಮೇಲೆ, ಅಂದ್ರೆ ಟ್ರೇಲರ್ ಗಾಡಿಗೆ ಸೇರುವ ಜಾಗದ ಮೇಲೆ, ಟ್ರೇಲರಿನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಭಾರ ಇರಲಿ. ಹನ್ನೆರಡು ವರ್ಷದಿಂದ ಹೀಗೇ ಎಳೀತಿದ್ದೇನೆ.

ಬ್ರಿಸ್ಬೇನ್ ಭಟ್: "ಎಡಗಡೆ ಕಟ್ಟಿ" ಅಂತೆ! ಗೌಡ್ರೇ, ಅವರು ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿ ಗಾಡಿ ಹೋಗೋದು ಎಡಗಡೆ, ನಮ್ಮ ಆಸ್ಟ್ರೇಲಿಯಾದ ಹಾಗೆ, ನೀವು ಮರೆತ ನಿಮ್ಮ ಊರಿನ ಹಾಗೆ. ನಡುರಸ್ತೆ ಬಲಕ್ಕೆ ಬೀಳುತ್ತೆ. ಒಂದೇ ಕುದುರೆ ಇದ್ದರೆ ಬಲಗಡೆನೇ ನಿಲ್ಲಬೇಕು.

ಟೆಕ್ಸಾಸ್ ಗೌಡ: "ನೀವು ಮರೆತ ನಿಮ್ಮ ಊರು" ಯಾಕೆ ಬಂತು ಇಲ್ಲಿ? ನಾನು ಏನನ್ನೂ ಮರೆತಿಲ್ಲ. ಮತ್ತೆ ಬಲ ಅಂದ್ರೆ ಯಾರ ಬಲ? ಹಿಂದೆ ನಿಂತು ಕುದುರೆ ಹತ್ತಿಸುವವನ ಬಲವೋ, ಮುಂದಿನ ಬಾಗಿಲಿಂದ ಇಣುಕುವವನ ಬಲವೋ? ಸರಿಯಾಗಿ ಹೇಳಿ.

ಬ್ರಿಸ್ಬೇನ್ ಭಟ್: ಡ್ರೈವರ್ ಬಲ, ಕುದುರೆ ಬಲ, ಎರಡೂ ಒಂದೇ ಸ್ವಾಮಿ. ಕುದುರೆ ಮುಂದೆ ನೋಡ್ತಾ ನಿಂತಿರುತ್ತೆ.

ಹೆಬ್ಬಾಳದ ವೆಟ್: "ಮುಂದೆ ನೋಡ್ತಾ" ಅನ್ನೋದೇ ಸಮಸ್ಯೆ. 1996ರಲ್ಲಿ ವೆಟರಿನರಿ ರೆಕಾರ್ಡ್ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. ಹಿಂದಕ್ಕೆ ಮುಖ ಮಾಡಿ ನಿಂತ ಕುದುರೆಗಳ ಎದೆಬಡಿತ ಕಡಿಮೆ ಇತ್ತು. ಬ್ರೇಕ್ ಬಿದ್ದಾಗ ಏಟು ಬೀಳೋದು ಕುಂಡಿಗೆ, ತಲೆಗಲ್ಲ.

ಬ್ರಿಸ್ಬೇನ್ ಭಟ್: 1994ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರೂ ನೋಡಿದ್ದರು. ಎದೆಬಡಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನು ಯಾಕೆ ಹೇಳಲ್ಲ ಡಾಕ್ಟ್ರೇ?

ಹೆಬ್ಬಾಳದ ವೆಟ್: ಹೊಸದು ಇರುವಾಗ ಹಳೇದು ಯಾಕೆ?

ಬ್ರಿಸ್ಬೇನ್ ಭಟ್: ಎರಡು ವರ್ಷಕ್ಕೆ ಹಳೇದಾಯ್ತಾ!

ಮಂಡ್ಯದ ಹೈದ: "ಹಿಂದಕ್ಕೆ ಮುಖ" ಅಂದ್ರಲ್ಲ ಡಾಕ್ಟ್ರು, ಅವರು ಎತ್ತಿನ ಗಾಡಿ ಹೊಡೆದಿಲ್ಲ ಅಂತ ಕಾಣುತ್ತೆ. ಕುದುರೆ ಭಾರದಲ್ಲಿ ನೂರಕ್ಕೆ ಅರವತ್ತು ಮುಂಗಾಲ ಮೇಲೆ. ಮುಂದೆ ನೋಡಲಿ ಅಂತ ಮಾಡಿದ ಗಾಡಿಯಲ್ಲಿ ಅದನ್ನು ತಿರುಗಿಸಿ ನಿಲ್ಲಿಸಿದರೆ ಹಿಂಭಾರ ಆಗುತ್ತೆ. ಹುಲ್ಲು ಹೇರುವಾಗ ಹಿಂದೆ ಜಾಸ್ತಿ ಆದರೆ ಮೂಕಿ ಮೇಲೇಳುತ್ತೆ, ನೊಗ ಎತ್ತಿನ ಕತ್ತು ಬಿಡುತ್ತೆ. ಕಾರಿಗೂ ಅದೇ ಗತಿ. ಮುಂಭಾರ ಸಾಲದಿದ್ದರೆ ಟ್ರೇಲರ್ ಹಾವಿನ ಹಾಗೆ ಓಲಾಡುತ್ತೆ. ಇನ್ನು ಎಡ ಬಲದ ಜಗಳ. ನಮ್ಮಲ್ಲಿ ಎಡಗೋಲು, ಬಲಗೋಲು ಅಂತೀವಿ. ಗಾಡಿ ಮೇಲೆ ಕೂತವನ ಎಡ, ಕೂತವನ ಬಲ. ಮುಗೀತು.

ಟೆಕ್ಸಾಸ್ ಗೌಡ: "ಮುಗೀತು" ಅನ್ನೋಕೆ ನೀವ್ಯಾರು ಹೈದ? ನಮ್ಮಪ್ಪ ಎತ್ತು ಬದಲಾಯಿಸಿ ಕಟ್ಟುತ್ತಿದ್ದರು. ಎಡಗೋಲಿನ ಎತ್ತು ಬಲಗೋಲಿಗೂ ನಡೀತಿತ್ತು.

ಮಂಡ್ಯದ ಹೈದ: ನಿಮ್ಮಪ್ಪನವರ ಎತ್ತು ಬಲು ಸಾಧು ಇರಬೇಕು. ನಮ್ಮದು ಬಲಗೋಲಿಗೆ ಕಟ್ಟಿದರೆ ಗಾಡಿನೇ ಗದ್ದೆಗೆ ಇಳಿಸೋದು.

ಲೀಡ್ಸ್ ಸುಮಾ: ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ನಾನು ಕೇಳಿದ್ದು ಸಿಂಗಲ್ ಬಗ್ಗೆ. ಅದರಲ್ಲಿ ಕುದುರೆ ನಟ್ಟನಡುವೆ ನಿಲ್ಲುತ್ತೆ. ಎಡ ಬಲ ಪ್ರಶ್ನೆನೇ ಇಲ್ಲ ಅಲ್ವಾ?

ಟೆಕ್ಸಾಸ್ ಗೌಡ: ಪ್ರಶ್ನೆ ಇಲ್ಲ ಅಂದ್ರೆ ಹೇಗೆ ಮೇಡಂ? ಡಬಲ್ ತಗೊಂಡರೆ ಬೇಕಾಗುತ್ತಲ್ಲ! ಭಟ್ರು ಮೊದಲು ಒಪ್ಪಲಿ, ಅಮೆರಿಕದಲ್ಲಿ ಎಡವೇ ಸರಿ ಅಂತ.

ಬ್ರಿಸ್ಬೇನ್ ಭಟ್: ಅಮೆರಿಕದ ಮಾತು ಕೇಳಿದವರು ಯಾರು? ನಿಮ್ಮ "10ರಿಂದ 15 ಪರ್ಸೆಂಟ್" ಲೆಕ್ಕಾನೇ ಹಿಡಿಯಿರಿ. 1350ಕ್ಕೆ 10 ಪರ್ಸೆಂಟ್ ಅಂದ್ರೆ 135 ಕೆಜಿ. ಅವರ ಟೋ ಬಾಲ್ ತಡೆಯೋದು 100. ಇಂಗ್ಲೆಂಡಿನಲ್ಲಿ 5ರಿಂದ 7 ಅಂತಾರೆ, ಆಗ 95ರ ಒಳಗೆ ಬರುತ್ತೆ. ನಿಮ್ಮ ಮಾತು ಕೇಳಿದರೆ ಕಾರಿನ ಹಿಂಭಾಗ ನೆಲ ಮುಟ್ಟುತ್ತೆ.

ಟೆಕ್ಸಾಸ್ ಗೌಡ: ಅದು ಕಾರಿನ ತಪ್ಪು, ಲೆಕ್ಕದ ತಪ್ಪಲ್ಲ. ಪಿಕಪ್ ತಗೊಳ್ಳಲಿ.

ಹೆಬ್ಬಾಳದ ವೆಟ್: ಸುಮಾ ಅವರೇ, ಈ ಗಲಾಟೆ ಬಿಡಿ. ಗೀರು ಪಾರ್ಟಿಷನ್ ಮೇಲೆ ಅಂದ್ರಿ. ಆ ಪಾರ್ಟಿಷನ್ ನೆಲದವರೆಗೂ ಇಳಿದಿತ್ತಾ? ತಿರುವಿನಲ್ಲಿ ಕುದುರೆ ಕಾಲು ಅಗಲಿಸಿ ನಿಲ್ಲುತ್ತೆ. ಜಾಗ ಸಿಗದಿದ್ದರೆ ಗೋಡೆ ಹತ್ತೋಕೆ ನೋಡುತ್ತೆ. ಸಿಂಗಲ್ ಆದರೂ ಅಗಲ ಅಳೆದು ತಗೊಳ್ಳಿ. ತಲೆಯನ್ನು ಗಿಡ್ಡವಾಗಿ ಕಟ್ಟಬೇಡಿ. ತಲೆ ತಗ್ಗಿಸಿ ಶ್ವಾಸನಾಳದ ಧೂಳು ಹೊರಹಾಕಲು ಬಿಡಬೇಕು, ಇಲ್ಲದಿದ್ದರೆ ದೂರದ ಪ್ರಯಾಣದಲ್ಲಿ ನ್ಯುಮೋನಿಯಾ ಬರಬಹುದು. ಹಿಂದಕ್ಕೆ ಮುಖ ಇದ್ದರೆ ಇನ್ನೂ ಒಳ್ಳೇದು, ಅದನ್ನಂತೂ ಬಿಡಲ್ಲ ನಾನು.

ಲೀಡ್ಸ್ ಸುಮಾ: ಹೌದು ಡಾಕ್ಟ್ರೇ, ನೆಲದವರೆಗೂ ಇತ್ತು!

ಟೆಕ್ಸಾಸ್ ಗೌಡ: ಯಾವ ಕಡೆ ಗೀರು? ಎಡವೋ ಬಲವೋ?

ಬ್ರಿಸ್ಬೇನ್ ಭಟ್: ಅಯ್ಯೋ ರಾಮಾ.

ಮಂಡ್ಯದ ಹೈದ: ಅಕ್ಕಾ, ಸೆಕೆಂಡ್ ಹ್ಯಾಂಡ್ ಆದರೆ ರಬ್ಬರ್ ಮ್ಯಾಟ್ ಎತ್ತಿ, ನೆಲ ಮರದ್ದಾದರೆ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಉಚ್ಚೆ ಇಳಿದು ಕೊಳೆತಿರುತ್ತೆ. ಮೇಲೆ ನೋಡಿದರೆ ಗೊತ್ತೇ ಆಗಲ್ಲ. ಲೈಸೆನ್ಸ್ ಏನಾದ್ರೂ ಬೇರೆ ಬೇಕಾ ಅಲ್ಲಿ?

ಬ್ರಿಸ್ಬೇನ್ ಭಟ್: ಬೇಡ. 2021ರ ಡಿಸೆಂಬರ್ 16ರಿಂದ ಕಾರ್ ಲೈಸೆನ್ಸ್ ಇದ್ದರೆ 3500 ಕೆಜಿವರೆಗಿನ ಟ್ರೇಲರ್ ಎಳೆಯಬಹುದು.

ಟೆಕ್ಸಾಸ್ ಗೌಡ: ಆಸ್ಟ್ರೇಲಿಯಾದಲ್ಲಿ ಕೂತು ಇಂಗ್ಲೆಂಡಿನ ಕಾನೂನು ಹೇಳಬಹುದು. ನಾನು ಎಡ ಅಂದ್ರೆ ಮಾತ್ರ ತಪ್ಪು.

*(ಮೂರು ವಾರದ ನಂತರ)*

ಲೀಡ್ಸ್ ಸುಮಾ: ಸಿಂಗಲ್ಲೇ ತಗೊಂಡೆವು. ಕುದುರೆ ಒಳಗಿರುವಾಗ ಟ್ರೇಲರನ್ನು ಕಾರಿನಿಂದ ಬಿಚ್ಚಬಾರದು ಅಂತ ಲಾಯದವರು ಹೇಳಿದರು. ಆದರೆ ಟೋ ಬಾಲ್ ಮೇಲೆ ಬೀಳುವ ಭಾರ ಅಳೆಯಲು ಬಿಚ್ಚಲೇಬೇಕು. ಅದಕ್ಕೆ ಕುದುರೆಯ ಬದಲು ಇಡಲು ಅವರ ಉಗ್ರಾಣದಿಂದ 20 ಕೆಜಿಯ 27 ಫೀಡ್ ಚೀಲ ಎರವಲು ತಂದೆವು. ಹೈದ ಹೇಳಿದ ಲೆಕ್ಕದಂತೆ ಮುಂಗಾಲಿನ ಜಾಗದಲ್ಲಿ 16, ಹಿಂಗಾಲಿನ ಜಾಗದಲ್ಲಿ 11. ಟ್ರೇಲರನ್ನು ಕಾರಿಗೆ ಸಿಕ್ಕಿಸುವ ಮೂತಿಯ ಕೆಳಗೆ ಬಾತ್‌ರೂಮಿನ ತೂಕದ ಯಂತ್ರ ಇಟ್ಟರೆ 82 ಕೆಜಿ ತೋರಿಸಿತು. ನಿನ್ನೆ ಕುದುರೆಯನ್ನೇ ಹತ್ತಿಸಿ ನಲವತ್ತು ನಿಮಿಷ ಸುತ್ತಿ ಬಂದೆವು. ಇಳಿಸಿದಾಗ ಹೊಟ್ಟೆ ಕೆಳಗೆ ಬೆವರೇ ಇರಲಿಲ್ಲ. ಬಲೆಯಲ್ಲಿ ಕಟ್ಟಿದ್ದ ಹುಲ್ಲು ಅರ್ಧ ಖಾಲಿ.

ಟೆಕ್ಸಾಸ್ ಗೌಡ: 82 ಕಡಿಮೆ ಆಯ್ತು ಮೇಡಂ.