ಒಂದೇ ಲೇತ್ ಮೇಲೆ ಮೂರು ಆರ್ಡರ್ ಕೂರುತ್ತಿವೆ, ಏನು ಮಾಡಲಿ?

ಪ್ರಶ್ನೆ
ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಚಿಕ್ಕ ಮೆಷಿನ್ ಶಾಪ್ ಇದೆ. ಎರಡು ಸಿಎನ್‌ಸಿ ಲೇತ್ (ಲೋಹವನ್ನು ತಿರುಗಿಸುತ್ತಾ ಕೊರೆಯುವ, ಕಂಪ್ಯೂಟರ್ ನಡೆಸುವ ಮೆಷಿನ್), ಒಂದು ಮಿಲ್ಲಿಂಗ್ ಮೆಷಿನ್, ಒಂದು ಗ್ರೈಂಡಿಂಗ್ ಮೆಷಿನ್. ಇಷ್ಟು ದಿನ ಆರ್ಡರ್‌ಗಳನ್ನು ಬೋರ್ಡ್ ಮೇಲೆ ಚಾಕ್‌ಪೀಸಲ್ಲೇ ಬರೆಯುತ್ತಿದ್ದೆವು. ಹೋದ ತಿಂಗಳು ಯಾರದೋ ತೋಳು ತಗುಲಿ ಒಂದು ಸಾಲು ಅಳಿಸಿಹೋಯಿತು. 200 ಬುಷ್ (ಕೊಳವೆಯಂಥ ಚಿಕ್ಕ ಬಿಡಿಭಾಗ) ನಾಲ್ಕು ದಿನ ತಡವಾಗಿ ಹೋದವು. ತುಂಬಾ ಬೇಜಾರಾಯಿತು. ಈಗ ಎಲ್ಲವನ್ನೂ ಕೆಲಸದ ವೇಳಾಪಟ್ಟಿ ಹಾಕುವ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಸಾಫ್ಟ್‌ವೇರ್‌ಗೆ ಹಾಕಿದ್ದೇನೆ. ಆದರೆ ಒಂದನೇ ಲೇತ್ ಮೇಲೆ ಒಂದೇ ಹೊತ್ತಿಗೆ ಮೂರು ಆರ್ಡರ್ ತೋರಿಸುತ್ತಿದೆ.

ಉತ್ತರ 1
ಲೇತನ್ನು ರಿಸೋರ್ಸ್ (ಕೆಲಸಕ್ಕೆ ಬೇಕಾದ ಮೆಷಿನ್ ಅಥವಾ ಜನ) ಅಂತ ಸೇರಿಸಿದ್ದೀರಾ ಸರ್? ಪ್ರತಿ ಟಾಸ್ಕ್‌ಗೂ ಅಸೈನ್ ಮಾಡಿ, ಆಮೇಲೆ ‘ಲೆವೆಲ್ ಆಲ್’ ಒತ್ತಿ, ಒಂದೇ ಹೊತ್ತಿಗೆ ಬಿದ್ದ ಕೆಲಸಗಳನ್ನು ಅದು ಒಂದಾದ ಮೇಲೊಂದು ಇಡುತ್ತದೆ. ಅರ್ಜೆಂಟ್ ಆರ್ಡರ್‌ಗೆ ಪ್ರಯಾರಿಟಿಯನ್ನು ಮೊದಲೇ ಇರುವ 500ರಿಂದ 800ಕ್ಕೆ ಏರಿಸಿ. 1000 ಮಾತ್ರ ಹಾಕಬೇಡಿ, ಆ ಟಾಸ್ಕನ್ನು ಲೆವೆಲಿಂಗ್ ಮುಟ್ಟುವುದೇ ಇಲ್ಲ.

ಉತ್ತರ 2
ಕ್ಯಾಲೆಂಡರ್ ಕೂಡ ನೋಡಿ. ಅದರಲ್ಲಿ ಮೊದಲೇ ಇರುವುದು ಸೋಮವಾರದಿಂದ ಶುಕ್ರವಾರ, 8ರಿಂದ 5. ನಿಮ್ಮಲ್ಲಿ ಶನಿವಾರವೂ ಕೆಲಸ ಇರುತ್ತದೆ ಅಲ್ವಾ? ಜಾಬ್ ಬದಲಾದಾಗ ಜಾ (ಲೇತಿನಲ್ಲಿ ಲೋಹವನ್ನು ಹಿಡಿದಿಡುವ ಹಿಡಿತ) ಬಿಚ್ಚಿ ಕಟ್ಟುವ ಸೆಟ್ಟಿಂಗ್ ಸಮಯಕ್ಕೂ ಬೇರೆ ಟಾಸ್ಕ್ ಇಡಿ. ಜಾಸ್ತಿ ಹೊತ್ತು ಹೋಗುವುದು ಅಲ್ಲೇ.

ಪ್ರಶ್ನೆ ಕೇಳಿದವರು
ಲೇತ್ ಹೆಸರನ್ನು ಸುಮ್ನೆ ನೋಟ್ಸ್‌ನಲ್ಲಿ ಬರೆದಿದ್ದೆ! ಈಗ ಸಾಲಾಗಿ ಬಂತು. ಶುಕ್ರವಾರದ ಒಂದು ಆರ್ಡರ್ ಮುಂದಿನ ಬುಧವಾರಕ್ಕೆ ಹೋಗಿದೆ. ಪಾರ್ಟಿಗೆ ಇವತ್ತೇ ಫೋನ್ ಮಾಡುತ್ತೇನೆ.